ಆ ಪಾಲಿಸಿಯ ವಿಷಯ

ಉಡುಪಿ, ಆಟಿ ತಿಂಗಳು

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದೆ. ಮೊನ್ನೆ ಫೋನಿನಲ್ಲಿ ನೀನು ಅರ್ಧ ಹೇಳಿ ನಿಲ್ಲಿಸಿದೆ. ನಿನ್ನ ಬ್ಯಾಂಕಿಗೆ ಸಾಲ ಕೇಳಿ ಬಂದವರಿಗೆಲ್ಲ ಒಂದು ವಿಮೆ ಪಾಲಿಸಿ ಮಾಡಿಸು ಅಂತ ಮ್ಯಾನೇಜರ್ ಹೇಳುತ್ತಾರೆ, ಶಾಖೆಯಲ್ಲಿ ಎಲ್ಲರೂ ಮಾಡುತ್ತಾರೆ. ಇಷ್ಟೇ ಅಲ್ವಾ?

ಬ್ಯಾಂಕಿನಲ್ಲಿದ್ದಾಗ ನಾನೂ ಇಂಥದ್ದು ಮಾಡಿದವನೇ. ನಿನ್ನ ಅಮ್ಮನಿಗೂ ಇದು ಗೊತ್ತಿಲ್ಲ.

1986ರ ಮಾರ್ಚ್. ಡೆಪಾಸಿಟ್ ಟಾರ್ಗೆಟ್‌ಗೆ ಸ್ವಲ್ಪ ಕಡಿಮೆ ಬಿದ್ದಿತ್ತು. ಮಲ್ಪೆ ಕಡೆಯ ಮೀನು ಮಾರುವ ಒಬ್ಬ ಹೆಂಗಸಿನ ಪಿಗ್ಮಿ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ, ಆಗಷ್ಟೇ ಮುಗಿದಿತ್ತು. ದುಡ್ಡು ತೆಗೆಯಲು ಬಂದವಳಿಗೆ ಬಡ್ಡಿ ಜಾಸ್ತಿ ಸಿಗುತ್ತದೆ ಅಂತ ಹೇಳಿ ಐದು ವರ್ಷದ ಎಫ್‌ಡಿಗೆ ಹಾಕಿಸಿದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ, ಆ ದುಡ್ಡು ಇರುವುದೇ ಆ ತಿಂಗಳುಗಳಿಗೆ ಅಂತ ನನಗೆ ಗೊತ್ತಿತ್ತು. ಕಡಲ ತೀರದಲ್ಲೇ ಹುಟ್ಟಿದವನಿಗೆ ಗೊತ್ತಿಲ್ಲದೆ ಇರುತ್ತದಾ?

ಜೂನ್‌ನಲ್ಲಿ ಅವಳು ನೆನೆದುಕೊಂಡು ಬಂದಳು. ಮೂರು ತಿಂಗಳೂ ತುಂಬಿರಲಿಲ್ಲ, ನಾನು ಹೇಳಿದ ಬಡ್ಡಿ ಸಿಗುವುದಿಲ್ಲ ಎಂದಾಯಿತು. ಸಹಿ ಹಾಕಬೇಕಾದವರು ರಜೆಯಲ್ಲಿದ್ದರು. ಮರುದಿನ ಬಾ ಅಂದೆ. ಮಳೆಯಲ್ಲಿ ಇನ್ನೊಮ್ಮೆ ಬಂದಳು. ಬೈಯುತ್ತಾಳೆ ಅಂತ ಕಾದೆ. ಅವಳು ‘ಈರ್ ಪಂಡರ್ ಅತ್ತಾ, ಐಕ್ ಪಾಡಿಯೆ’ ಅಂದಳು. ನೀವು ಹೇಳಿದ್ರಿ ಅಲ್ವಾ, ಅದಕ್ಕೆ ಹಾಕಿದೆ ಅಂತ. ಅಷ್ಟೇ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಬ್ಯಾಂಕುಗಳ ತವರು ಅಂತ ಭಾಷಣ ಮಾಡುವವರಿಗೆ ನಮ್ಮ ಜಿಲ್ಲೆಗಳಲ್ಲಿ ಕಡಿಮೆಯಿಲ್ಲ. ಇಲ್ಲಿ ಬ್ಯಾಂಕುಗಳು ಹುಟ್ಟಿದ 1906ರಿಂದ ಲೆಕ್ಕ ಹೇಳುತ್ತಾರೆ. ನನಗೆ ಅದಕ್ಕಿಂತ ಪಿಗ್ಮಿಯೇ ದೊಡ್ಡದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಇದೇ ಉಡುಪಿಯಲ್ಲಿ ಅದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಬಾಗಿಲಿಗೇ ಬರುತ್ತಿದ್ದ. ಕೊಡುವವರಲ್ಲಿ ಎಷ್ಟೋ ಜನರಿಗೆ ಓದಲು ಬರುತ್ತಿರಲಿಲ್ಲ. ಅವನು ಏನು ಬರೆದುಕೊಂಡ ಅಂತ ನೋಡುವ ದಾರಿಯೇ ಅವರಿಗಿರಲಿಲ್ಲ. ಆದರೂ ಕೊಟ್ಟರು.

ಈಗ ನಿನ್ನ ಪಾಲಿಸಿಗೆ ಬರುವ. ವಿಮೆ ಕೆಟ್ಟದ್ದಲ್ಲ. ಮನೆ ಸಾಲ ತೆಗೆದವನಿಗೆ ಬೇಕಾಗಲೂಬಹುದು. ಆದರೆ ಪಾಲಿಸಿ ಮಾಡಿದರೆ ಮಾತ್ರ ಸಾಲ ಅಂತ ಹೇಳುವಂತಿಲ್ಲ, ಅದು ಗಿರಾಕಿಯ ಇಷ್ಟ. ರಿಸರ್ವ್ ಬ್ಯಾಂಕಿನ ನಿಯಮವೂ ಅದೇ. ಎದುರು ಕೂತವರಿಗೆ ಅವರ ಭಾಷೆಯಲ್ಲೇ ಹೇಳು. ತುಳುವೋ, ಬ್ಯಾರಿಯೋ, ಕೊಂಕಣಿಯೋ, ನಿನಗೆ ಬಾರದಿದ್ದರೆ ಬರುವವರನ್ನು ಕರೆ. ಎಷ್ಟು ವರ್ಷ ಕಟ್ಟಬೇಕು, ನಡುವೆ ನಿಲ್ಲಿಸಿದರೆ ಎಷ್ಟು ಕೈಬಿಡುತ್ತದೆ, ಇವೆರಡನ್ನು ಸಹಿಗೆ ಮೊದಲೇ ಹೇಳು. ಪಾಲಿಸಿ ಕೈಗೆ ಬಂದ ಮೇಲೂ ಬೇಡವೆಂದರೆ 30 ದಿನದೊಳಗೆ ವಾಪಸ್ ಕೊಡಬಹುದು. ಅದನ್ನು ಕೌಂಟರಿನಲ್ಲಿ ಬಾಯಿಬಿಟ್ಟು ಹೇಳುವವರು ಕಡಿಮೆ, ನೀನು ಹೇಳು. ಇಷ್ಟು ಕೇಳಿಯೂ ಬೇಕು ಅಂದವರಿಗೆ ಸಂತೋಷವಾಗಿ ಮಾಡಿಸು.

ಮ್ಯಾನೇಜರ್ ಜೊತೆ ಜಗಳಕ್ಕೆ ನಿಲ್ಲಬೇಡ. ಅವರಿಗೂ ಮೇಲಿನಿಂದ ದಿನಾ ಫೋನ್ ಬರುತ್ತದೆ, ಪಾಪ. ಒತ್ತಾಯ ಜಾಸ್ತಿಯಾದರೆ ‘ಸರ್, ಇದನ್ನು ಒಂದು ಮೇಲ್ ಹಾಕಿ’ ಅಂತ ಮೆಲ್ಲಗೆ ಕೇಳು. ಹೆಚ್ಚಿನವರು ಹಾಕುವುದಿಲ್ಲ. ಇದರಿಂದ ಪ್ರಮೋಷನ್ ತಡವಾಗಬಹುದು, ಆಗುವುದಿಲ್ಲ ಅಂತ ಸುಮ್ನೆ ಹೇಳಲಾರೆ. ಆಮೇಲೆ ನನಗೂ ಎರಡು ವರ್ಷ ತಡವಾಯಿತು. ನಿನ್ನ ಅತ್ತೆ ಈಗಲೂ ಅದನ್ನು ಎತ್ತಿ ಆಡುತ್ತಾಳೆ.

ಎರಡನೇ ಶನಿವಾರ ನಿನಗೆ ರಜೆ ಅಲ್ವಾ? ಬೆಳಿಗ್ಗೆಯೇ ಬಸ್ಸು ಹತ್ತು. ಅತ್ತೆ ಪತ್ರೊಡೆ ಮಾಡುತ್ತಾಳಂತೆ, ಕೆಸುವಿನ ಎಲೆ ಹಿತ್ತಲಲ್ಲಿ ಬೇಕಾದಷ್ಟಿದೆ. ಬರುವಾಗ ಆ ಪಾಲಿಸಿಯ ಖಾಲಿ ಫಾರಂ ಒಂದು ತಾ. ತುಳುವಿನಲ್ಲಿ ಹೇಗೆ ಹೇಳುವುದು ಅಂತ ಇಬ್ಬರೂ ಕೂತು ನೋಡುವ.

ನಿನ್ನ ಮಾವ