ನಿಜ ಘಟನೆ ಅಂತ ಹಾಕಬೇಕಾ?

ಪ್ರಿಯ ತಂಗಿ,

ನಿನ್ನ ಕಥೆ ಓದಿದೆ. ಮೊದಲ ಪುಟದಲ್ಲೇ 'ನಿಜ ಘಟನೆ ಆಧಾರಿತ' ಎಂದು ದಪ್ಪಕ್ಷರದಲ್ಲಿ ಹಾಕಿದ್ದೀಯ. ಇಲ್ಲದಿದ್ದರೆ ಜನ ಮೆಚ್ಚುವುದಿಲ್ಲ ಎಂಬ ಭಯ ನಿನಗೆ. ಸುಮ್ನೆ ತೆಗೆದುಬಿಡು.

ತುಮಕೂರು ಸೀಮೆಯಲ್ಲಿ ಬೆಳೆದವಳಿಗೆ ಈ ಭಯ ಯಾಕೆ? ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವುದನ್ನು ನೋಡಿದ್ದೀಯಲ್ಲ. ಪಾತ್ರಧಾರಿಗಳೇ ಕೈಯಿಂದ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಪದ್ಯ ಕಲಿಯುತ್ತಾರೆ. ಬೆಳಗಿನ ಜಾವಕ್ಕೆ ದುರ್ಯೋಧನ ತೊಡೆ ಮುರಿದು ಬೀಳುತ್ತಾನೆ. ಪದ್ಯ ಹಿಡಿಸಿದರೆ ಜನ 'ವನ್ಸ್ ಮೋರ್' ಅಂತಾರೆ. ಸಾಯುತ್ತಿದ್ದವನು ಎದ್ದು ಕೂತು, ಅದನ್ನೇ ಇನ್ನೊಂದು ಸಲ ಹಾಡಿ, ಮತ್ತೆ ಬೀಳುತ್ತಾನೆ! ಅವನು ಊರಿನ ಅಂಗಡಿಯವನು ಅಂತ ಎಲ್ಲರಿಗೂ ಗೊತ್ತು. ಆದರೂ ಮುಂದೆ ಕೂತ ಅಜ್ಜಿಯರು ಕಣ್ಣೊರೆಸಿಕೊಳ್ಳುತ್ತಾರೆ.

1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ ತನ್ನ ಕುರುಕ್ಷೇತ್ರದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಕಂಪನಿ ನಡೆಸುತ್ತಿದ್ದ ಗುಬ್ಬಿ ವೀರಣ್ಣನವರು ಅದನ್ನು ಮಾಡಿದ್ದು ಗಮ್ಮತ್ತಿಗೆ, ಮಹಾಭಾರತ ನಡೆದದ್ದಕ್ಕೆ ಸಾಕ್ಷಿ ಕೊಡಲಿಕ್ಕಲ್ಲ ಅಂತ ನನ್ನ ಲೆಕ್ಕ.

ಹಾಗಂತ ಏನು ಬರೆದರೂ ನಡೆಯುತ್ತೆ ಅಂದುಕೊಳ್ಳಬೇಡ. ನಿನ್ನ ತಿಪಟೂರಿನ ರೈತ ತೆಂಗಿನಕಾಯಿ ಕೀಳಿಸಿ ಮುಂದಿನ ವಾರವೇ ಉಂಡೆ ಕೊಬ್ಬರಿ ಮಾರುತ್ತಾನೆ. ಅಯ್ಯೋ! ಕಾಯಿ ಅಟ್ಟದ ಮೇಲೆ 8ರಿಂದ 12 ತಿಂಗಳು ಇರಬೇಕು. ಒಳಗಿನ ನೀರು ಪೂರ್ತಿ ಇಂಗಬೇಕು. ಅಲ್ಲಾಡಿಸಿದರೆ ಗಿಟುಕು, ಅಂದರೆ ಒಣಗಿದ ತಿರುಳು, ಒಳಗೆ ಸದ್ದು ಮಾಡಬೇಕು. ಸುಲಿದು ಒಡೆಯುವುದು ಆಮೇಲೆ. ದುರ್ಯೋಧನನಿಗೆ ಅತ್ತ ಅದೇ ಅಜ್ಜಿ ಇಲ್ಲಿ ನಿನ್ನ ಕಥೆ ಮುಚ್ಚಿಡುತ್ತಾಳೆ. ಅಲ್ಲಿ ದುರ್ಯೋಧನ ಆಡುತ್ತಿರುವುದು ನಾಟಕ ಅಂತ ಅವಳೂ ಒಪ್ಪಿಕೊಂಡೇ ಕೂತಿರುತ್ತಾಳೆ. ನೀನು ಹೇಳಹೊರಟಿದ್ದು ಅವಳ ಮನೆ ಅಟ್ಟದ ವಿಷಯ. ಅಲ್ಲಿ ತಪ್ಪಿದರೆ 'ನಿಜ ಘಟನೆ' ಅನ್ನೋ ಮಾತು ನಿನ್ನನ್ನು ಕಾಯುವುದಿಲ್ಲ, ಇನ್ನೂ ಜಾಸ್ತಿ ನಗೆಪಾಟಲು ಮಾಡುತ್ತೆ.

ಇನ್ನೊಂದು ಮಾತು. ಆ ಒಂದು ವಾರದ ಅವಸರದಲ್ಲಿ ನಿನ್ನ ಕಥೆಯೇ ಕೈತಪ್ಪಿದೆ. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿದ್ದಾನೆ, ಕಾಯಿ ಇನ್ನೂ ಅಟ್ಟದಲ್ಲಿದೆ. ಹಸಿಕಾಯಿಯನ್ನೇ ಸಿಕ್ಕಿದ ಬೆಲೆಗೆ ಮಾರಬೇಕಾ, ಕೊಬ್ಬರಿ ಆಗುವವರೆಗೆ ತಡೆಯಬೇಕಾ? ಅಷ್ಟರಲ್ಲಿ ಬೆಲೆ ಬಿದ್ದುಹೋದರೆ? ಗಂಡ ಹೆಂಡತಿ ಜಗಳ ಆಡಲಿಕ್ಕೆ ಇಷ್ಟು ಸಾಕಲ್ವಾ? ರೈತನ ಮಗಳ ಮದುವೆ ಯಾವ ತಿಂಗಳಲ್ಲಿ ಅಂತ ಮೊದಲು ಗೊತ್ತುಮಾಡಿಕೋ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಎರಡನೇ ಅಧ್ಯಾಯ ಮತ್ತೆ ಬರೆದು ಕಳಿಸು.

ನಿನ್ನ ಅಣ್ಣ