ರಸ್ತೆ ಉಬ್ಬಿಗೂ ಒಂದು ಅಳತೆ ಇದೆ

ಮಾನ್ಯ ಸಂಪಾದಕರೇ,

ಎರಡು ಆಸನಗಳ, ನೆಲಕ್ಕೆ ತಗ್ಗಿದ ಸಣ್ಣ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರನ್ನು ಒಂದೂವರೆ ವರ್ಷದಿಂದ ದಿನಬಳಕೆಗೆ ಇಟ್ಟುಕೊಂಡಿದ್ದೇನೆ. ಸೇಡಂ ರಸ್ತೆಯ ಮನೆಯಿಂದ ಸೂಪರ್ ಮಾರ್ಕೆಟ್ ಬಳಿಯ ಅಂಗಡಿಗೆ ಹೋಗಿಬರುವುದು, ಸೋಮವಾರ ತಾಯಿಯವರನ್ನು ಶರಣಬಸವೇಶ್ವರ ದೇವಸ್ಥಾನಕ್ಕೆ ಕರೆದೊಯ್ಯುವುದು, ಎಲ್ಲವೂ ಇದರಲ್ಲಿಯೇ. ಕಲಬುರಗಿಯ ಬಿಸಿಲಿಗೆ ಇಂಥ ಕಾರು ತಾಳುವುದಿಲ್ಲ ಎಂದು ಕೊಳ್ಳುವಾಗ ಬಂಧುಗಳು ಎಚ್ಚರಿಸಿದ್ದರು.

ಬಿಸಿಲನ್ನು ಕಾರು ತಾಳಿಕೊಂಡಿತು. ಲಿಥಿಯಂ ಅಯಾನ್ ಬ್ಯಾಟರಿಗೆ ಶಾಖ ಆಗಿಬರದು, ಪೂರ್ತಿ ಚಾರ್ಜ್ ಆಗಿ ಬಿಸಿಲಲ್ಲಿ ನಿಂತರಂತೂ ಅದರ ಆಯುಷ್ಯ ಬೇಗ ಕುಗ್ಗುತ್ತದೆ. ಆದ್ದರಿಂದ ಹಗಲಲ್ಲಿ ಬೇವಿನ ಮರದಡಿ ನಿಲ್ಲಿಸಿ, ರಾತ್ರಿ ನೆಲ ತಣಿದ ಮೇಲೆ ಮನೆಯ 15 ಆಂಪಿಯರ್ ಪ್ಲಗ್‌ಗೆ ಹಚ್ಚಿ, ಶೇಕಡ 80 ಆಗುತ್ತಲೇ ತೆಗೆಯುತ್ತೇನೆ. ಮೇ ತಿಂಗಳ ಉರಿಯಲ್ಲಿ ಏಸಿಯ ದೆಸೆಯಿಂದ ಓಡುವ ದೂರ ಸ್ವಲ್ಪ ಇಳಿಯಿತು, ಅಷ್ಟೇ.

ಕಾರಿಗೆ ಪೆಟ್ಟು ಬಿದ್ದದ್ದು ರಸ್ತೆ ಉಬ್ಬಿನಿಂದ. ಕಳೆದ ಶ್ರಾವಣದ ಒಂದು ಮಳೆಯ ರಾತ್ರಿ, ಬಣ್ಣವೂ ಫಲಕವೂ ಇಲ್ಲದ ಹೊಸ ಉಬ್ಬೊಂದರ ಮೇಲೆ ನಿಧಾನವಾಗಿಯೇ ಹತ್ತಿಸಿದರೂ ಕಾರಿನ ಹೊಟ್ಟೆ ಗರಗರನೆ ಕೆರೆದ ಸದ್ದಿಗೆ ತಾಯಿಯವರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮರುದಿನ ಗ್ಯಾರೇಜಿನಲ್ಲಿ ಕಾರನ್ನು ಮೇಲೆತ್ತಿ ನೋಡಿದಾಗ, ಬ್ಯಾಟರಿಯ ತಳದ ಹೊದಿಕೆಯ ಮೇಲೆ ಉಗುರು ಸಿಕ್ಕಿಬೀಳುವಷ್ಟು ಆಳದ, ಗೇಣುದ್ದದ ಗೀರು ಕಂಡಿತು. ಕಾರಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಭಾಗ ಬ್ಯಾಟರಿಯೇ.

ಅದೇ ಸಂಜೆ ಟೇಪು ಹಿಡಿದು ಅಳೆದೆ. ಉಬ್ಬಿನ ಎತ್ತರ 16 ಸೆಂ.ಮೀ., ಅಗಲ ಬರೀ 60 ಸೆಂ.ಮೀ.; ನನ್ನ ಕಾರಿಗೂ ನೆಲಕ್ಕೂ ಇರುವ ಅಂತರ 12 ಸೆಂ.ಮೀ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯ ಪ್ರಕಾರ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರವಿದ್ದು, 17 ಮೀಟರ್ ತ್ರಿಜ್ಯದ ಕಮಾನಿನಂತೆ ಮೆಲ್ಲಗೆ ಏರಿ ಇಳಿಯಬೇಕು. ವಾಹನಗಳು ಅದನ್ನು ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು. ಅಂಥ ಉಬ್ಬಿನಲ್ಲಿ ಎರಡೂವರೆ ಮೀಟರ್ ಗಾಲಿ ಅಂತರದ ಕಾರಿನ ಮುಂದಿನ, ಹಿಂದಿನ ಗಾಲಿಗಳೆರಡೂ ಕಮಾನಿನ ಮೇಲೆಯೇ ಇರುವುದರಿಂದ, ಲೆಕ್ಕ ಹಾಕಿದರೆ ನಡುವೆ ಉಬ್ಬು ಮೇಲೇರುವುದು 5 ಸೆಂ.ಮೀ.ಗಿಂತಲೂ ಕಡಿಮೆ. ತಗ್ಗಿನ ಕಾರೂ ಸುಲಭವಾಗಿ ದಾಟುತ್ತದೆ. ಅಗಲವಿಲ್ಲದ ಉಬ್ಬಿನಲ್ಲಾದರೋ ಮುಂದಿನ ಗಾಲಿ ಇಳಿದು, ಹಿಂದಿನದು ಇನ್ನೂ ಹತ್ತದೆ, ಕಾರಿನ ಹೊಟ್ಟೆ ಉಬ್ಬಿನ ನೆತ್ತಿಗೆ ತಾಗುತ್ತದೆ.

ಇದು ನನ್ನೊಬ್ಬನ ಕಾರಿನ ದೂರು ಎಂದು ಭಾವಿಸಬಾರದು. ಇದೇ ಉಬ್ಬಿನ ಮೇಲೆ ಆಟೋದಲ್ಲಿ ಗರ್ಭಿಣಿಯರು ಆಸ್ಪತ್ರೆಗೆ ಹೋಗುತ್ತಾರೆ, ಆಂಬುಲೆನ್ಸ್‌ಗಳು ಓಡುತ್ತವೆ. ಉಬ್ಬುಗಳು ಬೇಡ ಎಂದೂ ನಾನು ಹೇಳುತ್ತಿಲ್ಲ. ಶಾಲೆಗಳ ಮುಂದೆ ಅವು ಇರಲೇಬೇಕು, ಸದ್ದಿಲ್ಲದೆ ಬರುವ ನನ್ನಂಥವರ ಕಾರುಗಳ ವೇಗ ಅಲ್ಲಿ ತಗ್ಗಲೇಬೇಕು. ಆದರೆ ಉಳಿದ ಡಾಂಬರನ್ನು ಅಂದಾಜಿನಲ್ಲಿ ಗುಡ್ಡೆ ಹಾಕುವ ಬದಲು, 17 ಮೀಟರ್ ತ್ರಿಜ್ಯಕ್ಕೆ ಕೊಯ್ದ ಒಂದು ಹಲಗೆಯನ್ನು ಮೇಲಿಟ್ಟು ನೋಡಿದರೂ ಸಾಕು, ಆಕಾರ ಸರಿಬರುತ್ತದೆ. ಆಮೇಲೆ ಬಿಳಿ ಪಟ್ಟೆ ಬಳಿಯಬೇಕು, ಸ್ವಲ್ಪ ಮುಂಚೆಯೇ ಎಚ್ಚರಿಕೆಯ ಫಲಕ ನಿಲ್ಲಿಸಬೇಕು.

ನನ್ನ ಮನೆಯಿಂದ ಅಂಗಡಿಯವರೆಗಿನ ಹನ್ನೊಂದು ಉಬ್ಬುಗಳನ್ನೂ ಅಳೆದಿದ್ದೇನೆ. ಅಳತೆಗೆ ಹತ್ತಿರ ಬರುವುದು ಎರಡು ಮಾತ್ರ. ಆ ಪಟ್ಟಿಯನ್ನು ಈ ಪತ್ರದ ಜೊತೆಗೆ ಕಳಿಸುತ್ತಿದ್ದೇನೆ. ಸಂಬಂಧಪಟ್ಟವರು ಉಳಿದ ಒಂಬತ್ತನ್ನು ಸರಿಪಡಿಸಬೇಕೆಂದು ವಿನಂತಿಸುತ್ತೇನೆ.

— ಸೇಡಂ ರಸ್ತೆಯ ನಿವಾಸಿ, ಕಲಬುರಗಿ