ಸ್ಟ್ರೈಕರ್ ಬೇಡ, ಒಬ್ಬ ಒಳ್ಳೆಯ ಹಾಫ್ ತನ್ನಿ

ಸಂಪಾದಕರೇ, ನಮಸ್ಕಾರ.

ಫುಟ್‌ಬಾಲ್ ಆಟಗಾರರ ವರ್ಗಾವಣೆಯ ಕಾಲ ಬಂತೆಂದರೆ ನಿಮ್ಮ ಕ್ರೀಡಾಪುಟದಲ್ಲಿ ಒಂದೇ ಥರದ ಸುದ್ದಿ. ಇಷ್ಟು ಕೋಟಿಗೆ ಇಂಥ ಸ್ಟ್ರೈಕರ್ ಬಂದ, ಅಷ್ಟು ಕೋಟಿಗೆ ಇನ್ನೊಬ್ಬ ಹೋದ, ಹೊಸ ಜೆರ್ಸಿ ಹಿಡಿದು ನಗುತ್ತಿರುವ ಫೋಟೊ ಒಂದು. ಬೆಳಗಾವಿಯ ಚಹಾ ಅಂಗಡಿಗಳಲ್ಲೂ ಅದೇ ಮಾತು. ಯಾರು ಬರ್ತಾರೆ, ಎಷ್ಟು ಗೋಲು ಹೊಡೀತಾರೆ. ಅವನಿಗೆ ಚೆಂಡು ಮುಟ್ಟಿಸುವವರು ಯಾರು, ಚೆಂಡು ಕಳೆದುಕೊಂಡಾಗ ಹಿಂದೆ ನಿಲ್ಲುವವರು ಯಾರು ಅಂತ ಕೇಳುವವರೇ ಇಲ್ಲ. ನನಗೆ ಈ ಬಗ್ಗೆ ತಕರಾರಿದೆ. ಪತ್ರ ಉದ್ದವಾದರೆ ಕತ್ತರಿ ಹಾಕಿ, ಹಾಫ್ (ಮೈದಾನದ ನಡುವೆ ನಿಂತು ಹಿಂದಕ್ಕೂ ಮುಂದಕ್ಕೂ ಆಡುವವನು) ಬಗ್ಗೆ ಬರೆದ ಭಾಗ ಮಾತ್ರ ಉಳಿಸಿ.

ಮೊದಲು ಇಲ್ಲಿನ ಪರಿಸ್ಥಿತಿ ಹೇಳಿಬಿಡುತ್ತೇನೆ, ದಕ್ಷಿಣದ ಕಡೆಯ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಬೆಳಗಾವಿಯಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್, ನೋಡುವವರು ಎರಡು ಪಾಲು. ನಮ್ಮ ರಾಜ್ಯದ ತಂಡ ಅಂತ ಬೆಂಗಳೂರು ಎಫ್‌ಸಿ ಕಡೆ ಒಂದು ಪಾಲು, ಚೋರ್ಲಾ ಘಾಟ್ ಇಳಿದರೆ ಗೋವಾ ಅಂತ ಎಫ್‌ಸಿ ಗೋವಾ ಕಡೆ ಇನ್ನೊಂದು. ಬೆಂಗಳೂರಿನ ಕಂಠೀರವಕ್ಕೆ ಹೋಗಬೇಕೆಂದರೆ ರಾತ್ರಿಯಿಡೀ ರೈಲು. ಗೋವಾದ ಫತೋರ್ಡಾ ಮೈದಾನಕ್ಕಾದರೆ ಮಧ್ಯಾಹ್ನ ಊಟ ಮಾಡಿಕೊಂಡು ಹೊರಟರೂ ರಾತ್ರಿಯ ಪಂದ್ಯಕ್ಕೆ ಮುಟ್ಟಬಹುದು, ರಸ್ತೆ ಕೃಪೆ ಮಾಡಿದರೆ. ಹಾಗಾಗಿ ಒಂದೇ ಮನೆಯಲ್ಲಿ ಅಣ್ಣ ನೀಲಿ, ತಮ್ಮ ಕಿತ್ತಳೆ. ಅವ್ವ ಮಾತ್ರ ಯಾರು ಗೆದ್ದರೂ ಟಿವಿ ಆರಿಸಿ ಊಟಕ್ಕೆ ಏಳಿ ಅನ್ನುವ ಪಕ್ಷ.

2025ರ ಏಪ್ರಿಲ್‌ನಲ್ಲಿ ಈ ಎರಡು ತಂಡಗಳೇ ಸೆಮಿಫೈನಲ್‌ನಲ್ಲಿ ಎದುರಾದವು. ಕಂಠೀರವದಲ್ಲಿ ಬೆಂಗಳೂರು 2-0. ಫತೋರ್ಡಾದಲ್ಲಿ ಗೋವಾ ಎರಡು ಗೋಲು ತೀರಿಸಿತು, ಎರಡನೆಯದು ಇನ್ನೇನು ಆಟ ಮುಗಿಯಿತು ಅನ್ನುವಾಗ. ಹೆಚ್ಚುವರಿ ಸಮಯಕ್ಕೆ ಹೋಗುತ್ತೆ ಅಂದುಕೊಂಡು ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಇಂಜುರಿ ಟೈಮಿನಲ್ಲಿ ಬೆಂಗಳೂರಿನ ಸುನಿಲ್ ಚೆಟ್ರಿ ತಲೆ ಕೊಟ್ಟು ಗೋಲು ಹೊಡೆದ. ಎರಡೂ ಪಂದ್ಯ ಸೇರಿ 3-2, ಬೆಂಗಳೂರು ಫೈನಲ್‌ಗೆ. ಆಗ ಅವನಿಗೆ 40 ವರ್ಷ. ನಾವೆಲ್ಲ ಕುಣಿದಾಡುವಾಗ ನಮ್ಮ ಓಣಿಯ ಗೋವಾ ಪಕ್ಷದ ಕಾಕಾ ಒಬ್ಬರು ತಣ್ಣಗೆ ಹೇಳಿದರು: "ನಲವತ್ತು ವರ್ಷದಾಂವ ಗೋಲ್ ಹೊಡದ್ರ ನಿಮಗ ಖುಷಿ ಆಗ್ತೈತಿ, ನನಗ ಚಿಂತಿ ಆಗ್ತೈತಿ. ಅಂವ ಇಲ್ಲಂದ್ರ ನಿಮ್ಮಲ್ಲಿ ಯಾರದಾರ?"

ಕಾಕಾ ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ನಮ್ಮವರು ಕೊಡುವ ಉತ್ತರವೇ ತಪ್ಪು. ಯಾರನ್ನು ಕೇಳಿದರೂ "ಒಬ್ಬ ವಿದೇಶಿ ಸ್ಟ್ರೈಕರ್ ತರಬೇಕು" ಅಂತಾರೆ.

ಲೆಕ್ಕ ನೋಡಿ. ಐಎಸ್‌ಎಲ್ ಶುರುವಾದ 2014ರಲ್ಲಿ ಮೈದಾನದಲ್ಲಿ ಒಟ್ಟಿಗೆ 6 ವಿದೇಶಿಯರು ಆಡಬಹುದಿತ್ತು. 2017-18ರಲ್ಲಿ ಅದು 5 ಆಯಿತು, 2021-22ರಿಂದ 4. ತಂಡದಲ್ಲಿ 6 ಜನರನ್ನು ಇಟ್ಟುಕೊಳ್ಳಬಹುದು, ಆದರೆ ಒಂದು ಹೊತ್ತಿಗೆ ಆಡುವವರು ನಾಲ್ವರೇ. ಅಂದರೆ ಕೋಚ್ ಕೈಯಲ್ಲಿರುವುದು ನಾಲ್ಕೇ ಜಾಗ. ಅದನ್ನು ಎಲ್ಲಿ ಖರ್ಚು ಮಾಡುತ್ತೀರಿ ಅನ್ನುವುದರ ಮೇಲೆ ತಂಡದ ಅರ್ಧ ಹಣೆಬರಹ ನಿಂತಿದೆ. 2024-25ರ ಬೆಂಗಳೂರನ್ನೇ ತಗೊಳ್ಳಿ. ಹೋರ್ಹೆ ಪೆರೇರಾ ಡಯಾಸ್, ಎಡ್ಗರ್ ಮೆಂಡೆಸ್, ರಯಾನ್ ವಿಲಿಯಮ್ಸ್, ಆಲ್ಬರ್ಟೊ ನೊಗುವೆರಾ, ಈ ನಾಲ್ವರೂ ಮುಂದೆ ಆಡುವವರು. ಹಿಂದಕ್ಕೆ ಅಂತ ಉಳಿದವರು ಪೆಡ್ರೊ ಕಾಪೊ ಮತ್ತು ಜೊವಾನೊವಿಚ್ ಇಬ್ಬರೇ. ಇಷ್ಟೆಲ್ಲ ಮುಂದಾಳುಗಳಿದ್ದೂ ಆ ಸಲ ತಂಡದ ಪರ ಅತಿ ಹೆಚ್ಚು ಗೋಲು ಹೊಡೆದವನು ಯಾರು? ಚೆಟ್ರಿ. 14 ಗೋಲು. ಇಡೀ ಲೀಗಿನಲ್ಲಿ ಅವನಿಗಿಂತ ಮುಂದಿದ್ದವನು ನಾರ್ತ್‌ಈಸ್ಟ್ ಯುನೈಟೆಡ್ ತಂಡದ ಮೊರಾಕ್ಕೊ ಆಟಗಾರ ಅಜರಾಯಿ ಒಬ್ಬನೇ, 23 ಗೋಲು. ಭಾರತದವನಿಗೆ ಗೋಲಿನ ಮುಂದಿನ ಬಾಕ್ಸ್‌ನೊಳಗೆ ನಿಲ್ಲಲು ಜಾಗ ಕೊಟ್ಟರೆ ಹೊಡೆಯುತ್ತಾನೆ ಅನ್ನುವುದಕ್ಕೆ ಇನ್ನೇನು ಪುರಾವೆ ಬೇಕು?

ಆದರೆ ಜಾಗ ಕೊಡುವುದಿಲ್ಲ. 2014ರಿಂದ 2024-25ರವರೆಗೆ ಐಎಸ್‌ಎಲ್‌ನ ಗೋಲ್ಡನ್ ಬೂಟ್, ಅಂದರೆ ಅತಿ ಹೆಚ್ಚು ಗೋಲಿನ ಪ್ರಶಸ್ತಿ, ಒಬ್ಬ ಭಾರತೀಯನಿಗೂ ಸಿಕ್ಕಿಲ್ಲ. ಒಮ್ಮೆಯೂ ಇಲ್ಲ! ಸಿಗುವುದಾದರೂ ಹೇಗೆ, ಬಹುತೇಕ ಕ್ಲಬ್‌ಗಳು ಸ್ಟ್ರೈಕರ್ ತೊಡುವ ಒಂಬತ್ತನೇ ನಂಬರ್ ಜೆರ್ಸಿಯನ್ನು ಸ್ಪೇನ್, ಬ್ರೆಜಿಲ್, ಆಸ್ಟ್ರೇಲಿಯಾದವರಿಗೆ ಅಂತ ಎತ್ತಿಟ್ಟು, ನಮ್ಮ ಹುಡುಗರನ್ನು ಒಂದೋ ಮೈದಾನದ ಅಂಚಿಗೆ, ವಿಂಗಿಗೆ ತಳ್ಳುತ್ತವೆ ಇಲ್ಲವೇ ಕೊನೇ ಹತ್ತು ನಿಮಿಷಕ್ಕೆ ಇಳಿಸುತ್ತವೆ. ಅದರ ಫಲ ಉಣ್ಣುವುದು ದೇಶದ ತಂಡ. 2024ರ ಜೂನ್‌ನಲ್ಲಿ ದೇಶದ ಪರ ಆಡುವುದನ್ನು ನಿಲ್ಲಿಸಿದ್ದ ಚೆಟ್ರಿಯನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಕರೆಯಬೇಕಾಯಿತು, ಯಾಕೆಂದರೆ ಬೇರೆ ಯಾರೂ ಸಾಕಷ್ಟು ಗೋಲು ಹೊಡೆಯುತ್ತಿರಲಿಲ್ಲ. ಅಷ್ಟಾದರೂ 2025ರ ಅಕ್ಟೋಬರ್ 14ರಂದು ಇದೇ ಫತೋರ್ಡಾದಲ್ಲಿ ಸಿಂಗಪುರದ ಎದುರು 1-2 ಸೋಲು. ನಮ್ಮ ಛಾಂಗ್ಟೆ ಮೊದಲು ಗೋಲು ಹೊಡೆದು ಆಸೆ ಹುಟ್ಟಿಸಿದ್ದ. 2027ರ ಏಷ್ಯಾ ಕಪ್ ಅಲ್ಲಿಗೆ ಕೈತಪ್ಪಿತು.

"ಹಾಗಾದರೆ ಮೋಹನ್ ಬಾಗಾನ್ ಹೇಗೆ ಗೆದ್ದಿತು?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. 2025ರ ಏಪ್ರಿಲ್ 12ರ ಫೈನಲ್. ಬಾಗಾನ್‌ನದೇ ಆಟಗಾರ ಆಲ್ಬರ್ಟೊ ರೋಡ್ರಿಗೆಸ್ ತನ್ನ ತಂಡದ ಮೇಲೇ ಹೊಡೆದ ಸ್ವಂತ ಗೋಲಿನಿಂದ ಬೆಂಗಳೂರು ಮುಂದಿತ್ತು. ಆಮೇಲೆ ಕಮಿಂಗ್ಸ್ ಪೆನಾಲ್ಟಿ, ಹೆಚ್ಚುವರಿ ಸಮಯದಲ್ಲಿ ಮೆಕ್‌ಲಾರೆನ್. 2-1. ಇಬ್ಬರೂ ವಿದೇಶಿ ಫಾರ್ವರ್ಡ್‌ಗಳೇ, ಒಪ್ಪಿದೆ. ಆದರೆ ಆ ತಂಡದ ಹಿಂಭಾಗ ನೋಡಿದಿರಾ? ಇದ್ದ ನಾಲ್ಕು ಜಾಗದಲ್ಲಿ ಎರಡನ್ನು ಸ್ಟಾಪರ್‌ಗಳಿಗೆ, ಅಂದರೆ ಗೋಲಿನ ಮುಂದೆ ನಿಂತು ತಡೆಯುವವರಿಗೆ ಕೊಟ್ಟಿದ್ದರು. ಟಾಮ್ ಆಲ್ಡ್ರೆಡ್ ಒಬ್ಬ, ಅದೇ ಆಲ್ಬರ್ಟೊ ಇನ್ನೊಬ್ಬ. ಅವರ ಮುಂದೆ ಹಾಫ್‌ನಲ್ಲಿ ಭಾರತದ ಅಪುಯಾ. ವಿಂಗ್‌ಗಳಲ್ಲಿ ಲಿಸ್ಟನ್, ಮನ್‌ವೀರ್. ಹಿಂದಿನ ಸಾಲಿನಲ್ಲಿ ಬ್ಯಾಕ್ ಆಡುವ ಸುಭಾಶಿಷ್ ಬೋಸ್ ಆ ಸೀಸನ್ನಿನಲ್ಲಿ 6 ಗೋಲು ಹೊಡೆದ! ಬ್ಯಾಕ್ ಆಟಗಾರ ನಿಶ್ಚಿಂತೆಯಿಂದ ಮೇಲೆ ಓಡಬೇಕೆಂದರೆ ಹಿಂದೆ ಯಾರೋ ನಿಂತಿದ್ದಾರೆ ಅನ್ನುವ ಭರವಸೆ ಇರಬೇಕು, ಅಲ್ವಾ? ಆ ಭರವಸೆಗೆ ಪೇಪರ್‌ನಲ್ಲಿ ಫೋಟೊ ಬರುವುದಿಲ್ಲ, ಅಷ್ಟೇ.

ಇಂಗ್ಲೆಂಡಿನ ಲೀಗ್ ನೋಡುವ ಗೆಳೆಯರಿಗೂ ಇದೇ ಹೇಳುತ್ತೇನೆ. ನಮ್ಮಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಭಕ್ತರು ಜಾಸ್ತಿ, ಪಾಪ. 2024-25ರಲ್ಲಿ ಅವರು 15ನೇ ಸ್ಥಾನ. ಆಗಿನ ಕೋಚ್ ಅಮೊರಿಮ್ ಅವರ 3-4-3 ಜೋಡಣೆಯಲ್ಲಿ (ಹಿಂದೆ ಮೂವರು, ನಡುವೆ ನಾಲ್ವರು, ಮುಂದೆ ಮೂವರು) ನಡುವಿನ ನಾಲ್ವರಲ್ಲಿ ಇಬ್ಬರೇ ಹಾಫ್, ಎದುರಿನವರು ಮೂವರನ್ನು ಇಳಿಸಿದರೆ ಮುಗೀತು, ಚೆಂಡು ಇವರ ಮಧ್ಯದಿಂದಲೇ ಹಾದುಹೋಗುತ್ತಿತ್ತು. ಟಿವಿ ಮುಂದೆ ಕೂತ ನಮಗೇ ಕಾಣುತ್ತಿತ್ತು. ಮರುಬೇಸಿಗೆಯಲ್ಲಿ ಏನು ಮಾಡಿದರು? ಕುನ್ಯಾ, ಎಂಬೆಮೊ, ಶೆಷ್ಕೊ. ಮೂವರೂ ಮುಂದಿನವರು, ಸುಮಾರು 20 ಕೋಟಿ ಪೌಂಡ್. ಹಾಫ್ ಒಬ್ಬನೂ ಬರಲಿಲ್ಲ. ಮದುವೆ ಮನೆಯಲ್ಲಿ ಬಡಿಸಲಿಕ್ಕೆ ಹತ್ತು ಜನ ಸಾಲಾಗಿ ನಿಂತು ಒಲೆ ಮುಂದೆ ಯಾರೂ ಇಲ್ಲದ ಹಾಗೆ. ಆಗಸ್ಟ್‌ನಲ್ಲಿ ನಾಲ್ಕನೇ ದರ್ಜೆಯ ಗ್ರಿಮ್ಸ್‌ಬಿ ಟೌನ್ ಎದುರು ಲೀಗ್ ಕಪ್‌ನಿಂದ ಔಟ್, ಪೆನಾಲ್ಟಿಯಲ್ಲಿ 12-11. ಆ ರಾತ್ರಿ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಮೆಸೇಜ್‌ಗಳನ್ನು ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ.

ಹಳೇ ಕಥೆಯೂ ಬೇರೆಯಲ್ಲ. 2003ರಲ್ಲಿ ರಿಯಲ್ ಮ್ಯಾಡ್ರಿಡ್ ಬೆಕ್‌ಹ್ಯಾಮ್‌ನನ್ನು ತಂದಿತು, ಅದೇ ಬೇಸಿಗೆಯಲ್ಲಿ ತನ್ನ ಹಾಫ್ ಮ್ಯಾಕಲೆಲೆಯನ್ನು ಚೆಲ್ಸಿಗೆ ಬಿಟ್ಟಿತು. ಮತ್ತೆ ಲೀಗ್ ಗೆದ್ದದ್ದು 2007ರಲ್ಲಿ. ಇನ್ನೊಬ್ಬ ಹಾಫ್ ಕಾಂಟೆ 2016ರಲ್ಲಿ ಲೆಸ್ಟರ್‌ನಲ್ಲಿದ್ದ, ಲೆಸ್ಟರ್ ಚಾಂಪಿಯನ್. ಮರುವರ್ಷ ಚೆಲ್ಸಿಗೆ ಹೋದ, ಚೆಲ್ಸಿ ಚಾಂಪಿಯನ್, ಲೆಸ್ಟರ್ 12ನೇ ಸ್ಥಾನ. ಮೆಸ್ಸಿ, ನೇಮರ್, ಎಂಬಾಪೆ ಮೂವರೂ ಒಟ್ಟಿಗಿದ್ದಾಗ ಪ್ಯಾರಿಸ್‌ನ ಪಿಎಸ್‌ಜಿ ಎರಡು ವರ್ಷವೂ ಚಾಂಪಿಯನ್ಸ್ ಲೀಗಿನ 16ರ ಸುತ್ತಿನಲ್ಲೇ ಮನೆಗೆ. ಮೂವರೂ ಹೋದ ಮೇಲೆ 2025ರ ಫೈನಲ್‌ನಲ್ಲಿ ಇಂಟರ್ ಮಿಲಾನ್ ಮೇಲೆ 5-0.

ಹಾಫ್ ಅಂದರೆ ಏನು ಕೆಲಸ ಅಂತ ತಿಳಿಯಬೇಕಾದರೆ ಪ್ಯಾರಿಸ್‌ವರೆಗೆ ಹೋಗಬೇಕಿಲ್ಲ. ಟಿಳಕವಾಡಿಯ ಲೇಲೆ ಗ್ರೌಂಡ್‌ನಲ್ಲಿ ಸಂಜೆ ಹೊತ್ತು ನಿಂತು ನೋಡಿ. ಈ ಮಳೆಗಾಲದಲ್ಲಿ ಅಲ್ಲಿ ಒಬ್ಬ ಹುಡುಗನನ್ನು ನೋಡಿದೆ. ಸಣಕಲು ಮೈ, ಒಂದು ಕಾಲಿನ ಸಾಕ್ಸ್ ಪಾದಕ್ಕೆ ಜಾರಿತ್ತು, ಕೆಸರು ಮೊಣಕಾಲವರೆಗೆ. ಅವನ ತಂಡದ ಎಡ ಬ್ಯಾಕ್ ಉತ್ಸಾಹದಲ್ಲಿ ಮುಂದೆ ಓಡಿಬಿಟ್ಟ. ಈ ಹುಡುಗ ಒಮ್ಮೆ ಆ ಭುಜದ ಮೇಲಿಂದ, ಒಮ್ಮೆ ಈ ಭುಜದ ಮೇಲಿಂದ ಹಿಂದೆ ನೋಡಿದ, ನಾಲ್ಕು ಹೆಜ್ಜೆ ಎಡಕ್ಕೆ ಸರಿದು ಬ್ಯಾಕ್ ಬಿಟ್ಟ ಜಾಗದಲ್ಲಿ ನಿಂತ. ಅಷ್ಟರಲ್ಲಿ ಚೆಂಡು ಎದುರಿನವರ ಪಾಲಾಯಿತು. ಅವರ ವಿಂಗ್ ಆಟಗಾರ ಅದೇ ಜಾಗದ ಕಡೆ ನುಗ್ಗಲು ತಲೆ ಎತ್ತಿದ, ಹುಡುಗನನ್ನು ಕಂಡ, ಚೆಂಡನ್ನು ತನ್ನವರಿಗೇ ಹಿಂದಕ್ಕೆ ತಳ್ಳಿದ. ಟ್ಯಾಕಲ್ ಇಲ್ಲ, ಓಟ ಇಲ್ಲ, ಚಪ್ಪಾಳೆಯೂ ಇಲ್ಲ. ಎರಡು ನಿಮಿಷದ ಮೇಲೆ ಅದೇ ತಂಡದ ಸ್ಟ್ರೈಕರ್ ಗೋಲಿನ ಮುಂದೆ ಸಿಕ್ಕ ಚೆಂಡನ್ನು ಬೇಲಿ ಆಚೆ ಹೊಡೆದ. ಅವನಿಗೆ ಮಾತ್ರ ಮೂರು ಜನ ಬಂದು ಬೆನ್ನು ತಟ್ಟಿದರು.

ಆ ಸಣಕಲನಿಗೆ ಹಾಫ್ ಆಡು ಅಂತ ಹೇಳಿದ್ದು ಯಾರೋ, ಅವರಿಗೆ ಕೈ ಮುಗಿಯಬೇಕು. ಯಾಕೆಂದರೆ ಇಲ್ಲಿ ಹುಡುಗರನ್ನು ಎಲ್ಲಿ ಆಡ್ತೀಯಪ್ಪಾ ಅಂತ ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ "ಸ್ಟ್ರೈಕರ್ ಅಂಕಲ್" ಅಂತಾರೆ, ಒಬ್ಬ ವಿಂಗ್, ಉಳಿದವನು ದಪ್ಪಗಿದ್ದಾನೆ ಅಂತ ಗೋಲಿ.

ಈಗ ಬೆಂಗಳೂರು ಎಫ್‌ಸಿ ವಿಷಯಕ್ಕೆ ವಾಪಸ್ ಬರುತ್ತೇನೆ. ಪರ್ತ್‌ನಲ್ಲಿ ಹುಟ್ಟಿ ಬೆಳೆದ ರಯಾನ್ ವಿಲಿಯಮ್ಸ್ 2025ರಲ್ಲಿ ಭಾರತದ ಪೌರತ್ವ ಪಡೆದರು. ತಾಯಿ ಕಡೆಯವರು ಮುಂಬೈಯವರು. ಎಲ್ಲರೂ ದೇಶದ ತಂಡಕ್ಕೆ ಒಬ್ಬ ಸಿಕ್ಕ ಅಂತ ಖುಷಿಪಟ್ಟರು, ನಾನೂ ಪಟ್ಟೆ. ಅವರು ವಿದೇಶಿ ಲೆಕ್ಕದಿಂದ ಹೊರಗೆ ಬಂದರೆ ಕ್ಲಬ್‌ಗೂ ಒಂದು ಜಾಗ ಖಾಲಿಯಾಗುತ್ತದೆ. ಮುಂದೆ ಆಡುವ ಒಬ್ಬ ಒಳ್ಳೆಯ ಆಟಗಾರ ಭಾರತೀಯರ ಪಟ್ಟಿಯಲ್ಲೇ ಇರುವಾಗ ಆ ಜಾಗಕ್ಕೆ ಮತ್ತೊಬ್ಬ ವಿದೇಶಿ ಸ್ಟ್ರೈಕರ್ ಯಾಕೆ? ಒಬ್ಬ ಗಟ್ಟಿ ಹಾಫ್ ತರಲಿ. ಹೆಸರು ಬೇಕಿಲ್ಲ, ಮೂವತ್ತು ದಾಟಿದ್ದರೂ ನಡೆಯುತ್ತದೆ, ನಿಲ್ಲುವುದು ಎಲ್ಲಿ ಅಂತ ಗೊತ್ತಿರಬೇಕು. ಅವನ ಪಕ್ಕದಲ್ಲಿ ಸುರೇಶ್ ಸಿಂಗ್ ಎಷ್ಟು ಬೇಕಾದರೂ ಓಡಲಿ, ಅವನ ಆಟವೇ ಓಡುವುದು. ಹಿಂದೆ ಒಬ್ಬ ವಿದೇಶಿ ಸ್ಟಾಪರ್ ಇರಲಿ. ಮುಂದೆ ವಿಲಿಯಮ್ಸ್, ಜೊತೆಗೆ ಕ್ಲಬ್ ಅಕಾಡೆಮಿಯ ಹುಡುಗರು. 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ಎದುರು 1-0ಯಿಂದ ಗೆದ್ದಾಗ ಗೋಲು ಹೊಡೆದದ್ದು 19ರ ವಿನೀತ್ ವೆಂಕಟೇಶ್ ಅಲ್ವಾ? 2022-23ರಲ್ಲಿ ತಂಡ ಲೀಗಿನ ಕೊನೇ 8 ಪಂದ್ಯ ಸಾಲಾಗಿ ಗೆದ್ದು ಫೈನಲ್ ಮುಟ್ಟಿದ್ದು ಎಳೆಯ ಶಿವಶಕ್ತಿಯನ್ನು ಫಿಜಿಯ ರಾಯ್ ಕೃಷ್ಣ ಜೊತೆ ಮುಂದೆ ಆಡಿಸಿದ ಧೈರ್ಯದಿಂದ. ಆಗ ಬೆಂಚಿನಿಂದ ಎದ್ದು ಬರುತ್ತಿದ್ದವನು ಸ್ವತಃ ಚೆಟ್ರಿ!

ಇದಕ್ಕೆ ಕಾಕಾ ಕೊಟ್ಟ ಉತ್ತರವನ್ನೂ ಬರೆಯಬೇಕು. "ಹುಡುಗರಿಗೆ ಚಾನ್ಸ್ ಕೊಡ್ರಿ ಅಂತ ಹೇಳೋದು ನಿನಗ ಸಸ್ತಾ. ನಾಕು ಮ್ಯಾಚ್ ಸೋತ್ರ ಕೋಚ್‌ನ ಮೊದಲ ಬಯ್ಯಾಂವ ನೀನ." ಅದೂ ನಿಜವೇ. 2023-24ರಲ್ಲಿ ಬೆಂಗಳೂರು 10ನೇ ಸ್ಥಾನಕ್ಕೆ ಕುಸಿದಾಗ, ಅರ್ಧ ದಾರಿಯಲ್ಲೇ ಕೋಚ್ ಗ್ರೇಸನ್ ಹೋದಾಗ, ಇಲ್ಲಿ ಯಾರೂ ಅಯ್ಯೋ ಅನ್ನಲಿಲ್ಲ. ಅಭಿಮಾನಿಗೆ ತಾಳ್ಮೆ ಇಲ್ಲ, ಕೋಚ್‌ಗೆ ಸಮಯ ಇಲ್ಲ, ಹಾಗಾಗಿ ಅವನು ರೆಡಿಮೇಡ್ ವಿದೇಶಿ ಸ್ಟ್ರೈಕರ್ ಕೇಳುತ್ತಾನೆ. ಅದಕ್ಕೇ ಹಿಂದೆ ಬಲವಾಗಿರಲಿ ಅನ್ನುತ್ತಿರುವುದು. ಗೋಲು ಬಿಡದ ತಂಡ ಹುಡುಗರ ಜೊತೆ 0-0 ಮಾಡಿಕೊಂಡಾದರೂ ಬರುತ್ತದೆ.

ಇಷ್ಟೆಲ್ಲ ವಾದ ಮಾಡಲು ಲೀಗ್ ನಡೆಯಬೇಕು ಅನ್ನುವುದು ಬೇರೆ ಮಾತು. 2025ರ ಜುಲೈನಲ್ಲಿ ಐಎಸ್‌ಎಲ್ ತಡೆಹಿಡಿದರು, ಒಪ್ಪಂದದ ಜಗಳ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳವನ್ನೇ ನಿಲ್ಲಿಸಿತು. ಯಾರನ್ನು ತರಬೇಕು ಅಂತ ನಾವು ಇಲ್ಲಿ ಜಗಳ ಆಡುತ್ತಿದ್ದರೆ ಆಗ ಅಲ್ಲಿ ಇದ್ದವರಿಗೇ ಸಂಬಳ ಇರಲಿಲ್ಲ. ಅದರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ನಾನು ಓದಿದ್ದು ಒಂದು ಸಣ್ಣ ಸುದ್ದಿ. ಅದೇ ಪುಟದಲ್ಲಿ ಯುರೋಪಿನ ಒಬ್ಬ ಸ್ಟ್ರೈಕರ್‌ನ ವರ್ಗಾವಣೆ ಮೂರು ಕಾಲಂ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಫುಟ್‌ಬಾಲ್ ವರದಿಯಲ್ಲಿ ಯಾರು ಎಷ್ಟನೇ ನಿಮಿಷದಲ್ಲಿ ಗೋಲು ಹೊಡೆದರು ಅನ್ನುವುದರ ಜೊತೆಗೆ ಹನ್ನೊಂದು ಜನ ಹೇಗೆ ನಿಂತಿದ್ದರು ಅಂತ ಒಂದು ಸಣ್ಣ ಚಿತ್ರ ಹಾಕಿ. ಕೋಚ್ ಯಾರನ್ನು ಯಾವಾಗ ಬದಲಿಸಿದ, ಆಮೇಲೆ ಆಟ ಏನಾಯಿತು ಅಂತ ನಾಲ್ಕು ಸಾಲು ಬರೆಯಿರಿ. ಬೆಳಗಾವಿ ಆವೃತ್ತಿಯಲ್ಲಿ ಶಾಲೆಗಳ ಟೂರ್ನಿಯ ಸುದ್ದಿ ಬಂದಾಗ ಕಪ್ ಹಿಡಿದ ಗಣ್ಯರ ಹೆಸರಿಗೆ ಕೊಡುವ ಜಾಗದಲ್ಲಿ ಅರ್ಧದಷ್ಟನ್ನು ಹಾಫ್, ಸ್ಟಾಪರ್ ಆಡಿದ ಹುಡುಗರ ಹೆಸರಿಗೆ ಕೊಡಿ. ಟೂರ್ನಿ ನಡೆಸುವವರನ್ನೂ ಕೇಳುತ್ತೇನೆ: ಹೆಚ್ಚು ಗೋಲು ಹೊಡೆದವನಿಗೆ ಬಹುಮಾನ ಇದೆಯಲ್ಲ, ಒಳ್ಳೆಯ ಹಾಫ್‌ಗೂ ಒಂದು ಜೊತೆ ಬೂಟು ಇಡಿ.

— ಒಬ್ಬ ಓದುಗ,
ಟಿಳಕವಾಡಿ, ಬೆಳಗಾವಿ